ಎರಡೇ ಸ್ವರಗಳ ಧೈರ್ಯ

ಮ್ಯಾಂಚೆಸ್ಟರಿನ ಪಂಕ್ ತಂಡ ಬಝ್‌ಕಾಕ್ಸ್‌ನ ಚೊಚ್ಚಲ ರೆಕಾರ್ಡು ‘ಸ್ಪೈರಲ್ ಸ್ಕ್ರ್ಯಾಚ್’ನಲ್ಲಿರುವುದು ನಾಲ್ಕೇ ಹಾಡು. ಕೇಳಿದಷ್ಟೂ ಹೊಸದೇನೋ ಸಿಗುತ್ತದೆ.

ಆಪ್ತರಿಂದ ಸುಮಾರು 500 ಪೌಂಡ್ ಸಾಲ ಎತ್ತಿ, 1976ರ ಡಿಸೆಂಬರ್ 28ರಂದು ಹುಡುಗರು ಇಂಡಿಗೋ ಸ್ಟುಡಿಯೋ ಹೊಕ್ಕರು. ದೊಡ್ಡ ಕಂಪನಿಗಳ ಬಾಗಿಲು ಕಾಯಲಿಲ್ಲ. ‘ನ್ಯೂ ಹಾರ್ಮೋನ್ಸ್’ ಎಂಬ ಸ್ವಂತ ಲೇಬಲ್ಲಿನಲ್ಲಿ 1977ರ ಜನವರಿಯಲ್ಲಿ 1000 ಪ್ರತಿ ಹೊರತಂದರು. ಯಾವ ಹಾಡು ಎಷ್ಟನೇ ಟೇಕ್, ಮೇಲೆ ಏನು ಸೇರಿಸಿದೆ ಎಂಬುದನ್ನು ಹೊದಿಕೆಯ ಮೇಲೆಯೇ ಅಚ್ಚುಹಾಕಿಸಿದರು. ಕಸುಬಿನ ಗುಟ್ಟನ್ನು ಹೀಗೆ ಬಿಚ್ಚಿಡಲು ದೊಡ್ಡ ಮನಸ್ಸು ಬೇಕು.

‘ಬೋರ್ಡಮ್’ ಹಾಡಿನ ಗಿಟಾರ್ ಸೋಲೋ ಕೇಳಿ. ಪೀಟ್ ಶೆಲ್ಲಿ ಎರಡೇ ಸ್ವರಗಳನ್ನು ಹಿಡಿದು ಬಿಡದೆ ಮೀಟುತ್ತಾರೆ. ಬೇಸರವನ್ನು ಬಣ್ಣಿಸುವುದಿಲ್ಲ, ನುಡಿಸಿಯೇ ತೋರಿಸುತ್ತಾರೆ. ಹೋವರ್ಡ್ ಡಿವೋಟೋ ಮೂಗಿನಲ್ಲೇ ಎಳೆದು ಪದಗಳನ್ನು ಚುಚ್ಚುತ್ತಾರೆ. ಸ್ಟೀವ್ ಡಿಗಲ್‌ರ ಬೇಸ್ ಕೆಳಗಿನಿಂದ ಒತ್ತಿಕೊಡುತ್ತದೆ. ಹದಿಹರೆಯದ ಜಾನ್ ಮಾಹರ್‌ರ ಡ್ರಮ್ಮಿನ ಉರುಳಿಕೆಗಳು ಎಂಥ ಓಟದಲ್ಲೂ ಲಯ ತಪ್ಪುವುದಿಲ್ಲ.

ಕೇಳುಗರಲ್ಲಿ ಎರಡು ಪಂಗಡ. ಈ ರೆಕಾರ್ಡಿಗೂ ಮೊದಲೇ, 1976ರಲ್ಲಿ ಮುದ್ರಿಸಿದ್ದ, ಆಮೇಲೆ ‘ಟೈಮ್ಸ್ ಅಪ್’ ಹೆಸರಲ್ಲಿ ಬಂದ ಡೆಮೋಗಳ ಹಸಿತನವೇ ಕೆಲವರಿಗೆ ಇಷ್ಟ. ಡಿವೋಟೋ ತಂಡ ಬಿಟ್ಟ ಮೇಲೆ ಶೆಲ್ಲಿ ಹಾಡಿದ ಪ್ರೇಮಗೀತೆಗಳೇ ನಿಜವಾದ ಬಝ್‌ಕಾಕ್ಸ್ ಎನ್ನುವವರು ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನ ಮತ ಮಾತ್ರ ಈ ನಾಲ್ಕು ಹಾಡುಗಳಿಗೇ: ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಒರಟನ್ನು ಉಜ್ಜಿ ನಯ ಮಾಡಲಿಲ್ಲ, ಪ್ರತಿ ವಾದ್ಯವೂ ತನ್ನ ಅಂಚು ಉಳಿಸಿಕೊಂಡಿದೆ. ಕೈಯಲ್ಲಿದ್ದಷ್ಟರಲ್ಲೇ ಪೂರ್ಣವಾದದ್ದನ್ನು ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಪಂಕ್‌ನಲ್ಲಿ ನನಗೆ ಸಿಕ್ಕಿಲ್ಲ.