ಹೊಸಬರಿಗೆ ವೆಸ್ಟರ್ನ್ ಪ್ಲೆಷರ್ ಏಕೆ ತಕ್ಕದ್ದಲ್ಲ

ಅಮೆರಿಕದ ಸಣ್ಣ ಊರುಗಳ ಸ್ಯಾಡಲ್ ಕ್ಲಬ್ಬುಗಳು ವಾರಾಂತ್ಯಗಳಲ್ಲಿ ಕುದುರೆ ಪ್ರದರ್ಶನ ನಡೆಸುತ್ತವೆ. ಯಾವ ತಳಿಯ ಕುದುರೆಯಾದರೂ ಸರಿ, ಸಣ್ಣ ಶುಲ್ಕ ಕಟ್ಟಿ ಒಳಗೆ ಬರಬಹುದು. ಅಲ್ಲಿಗೆ ಮೊದಲ ಸಲ ಹೊರಟವರಿಗೆ ಸಿಗುವ ಉಪದೇಶ ಬಹುಮಟ್ಟಿಗೆ ಒಂದೇ: ವೆಸ್ಟರ್ನ್ ಪ್ಲೆಷರ್‌ಗೆ ಹೆಸರು ಕೊಡಿ. ಬೇಲಿಯ ಗುಂಟ ಎಲ್ಲರ ಜೊತೆ ಸುತ್ತು ಹಾಕುವುದಷ್ಟೇ ಕೆಲಸ. ನೆನಪಿಟ್ಟುಕೊಳ್ಳಬೇಕಾದ ಪ್ಯಾಟರ್ನ್ ಇಲ್ಲ, ದಾಟಬೇಕಾದ ಮರದ ತುಂಡುಗಳಿಲ್ಲ, ಒಬ್ಬರೇ ಎಲ್ಲರ ಕಣ್ಣಿಗೆ ಬೀಳುವ ಗಳಿಗೆಯೂ ಇಲ್ಲ. ವಾಕ್, ಜಾಗ್, ಲೋಪ್ ಎಂಬ ಮೂರು ನಡೆಗಳನ್ನು ಎರಡೂ ದಿಕ್ಕಿಗೆ ತೋರಿಸಿ, ಕೊನೆಗೆ ಸಾಲಾಗಿ ನಿಂತು ಕುದುರೆಯನ್ನು ಕೆಲವು ಹೆಜ್ಜೆ ಹಿಂದಕ್ಕೆ ನಡೆಸಿದರೆ ಮುಗಿಯಿತು. ಹೀಗೆ ಹೇಳಿ ಹೇಳಿ ಈ ವಿಭಾಗಕ್ಕೆ ಮೊದಲ ಮೆಟ್ಟಿಲೆಂಬ ಹೆಸರು ನಿಂತುಬಿಟ್ಟಿದೆ. ಆ ಹೆಸರು ಅದಕ್ಕೆ ಸಲ್ಲದು ಎಂಬುದು ನನ್ನ ವಾದ. ವೆಸ್ಟರ್ನ್ ಪ್ಲೆಷರ್ ಚೆನ್ನಾಗಿ ಪಳಗಿದ ಕುದುರೆಗೆ ಒಡ್ಡುವ ಪರೀಕ್ಷೆ. ಹೊಸ ಸವಾರನಿಗೆ ಅದು ಕಲಿಸುವುದು ಬಹಳ ಕಡಿಮೆ, ಕೆಡಿಸುವುದು ಹೆಚ್ಚು. ಮೊದಲ ಮೆಟ್ಟಿಲಿನ ಗೌರವ ಸಲ್ಲಬೇಕಾದದ್ದು ಬೆಳಗಿನ ಹೊತ್ತು, ಸವಾರಿ ವಿಭಾಗಗಳು ಶುರುವಾಗುವ ಮುನ್ನ, ಹೆಚ್ಚು ಜನರ ಗಮನಕ್ಕೆ ಬಾರದೆ ನಡೆದುಹೋಗುವ ಷೋಮನ್‌ಶಿಪ್ ಎಂಬ ವಿಭಾಗಕ್ಕೆ.

ಪ್ಲೆಷರ್‌ನ ಕಷ್ಟ ಎಲ್ಲಿದೆಯೆಂದು ತಿಳಿಯಲು ಲೋಪ್ ಒಂದನ್ನೇ ಹಿಡಿದು ನೋಡಿದರೆ ಸಾಕು. ಕುದುರೆ ಎಡ ಸುತ್ತಿನಲ್ಲಿ ಲೋಪ್ ಮಾಡುವಾಗ ಮೊದಲು ನೆಲಕ್ಕೆ ತಾಗುವುದು ಬಲ ಹಿಂಗಾಲು. ಆಮೇಲೆ ಎಡ ಹಿಂಗಾಲು ಮತ್ತು ಬಲ ಮುಂಗಾಲು ಜೋಡಿಯಾಗಿ ಒಟ್ಟಿಗೆ ಬೀಳುತ್ತವೆ. ಕೊನೆಗೆ ಎಡ ಮುಂಗಾಲು. ನಾಲ್ಕೂ ಗೊರಸುಗಳು ನೆಲ ಬಿಟ್ಟ ಒಂದು ಕ್ಷಣ, ಮತ್ತೆ ಬಲ ಹಿಂಗಾಲು. ಹೀಗೆ ಮೂರು ಪೆಟ್ಟು, ಒಂದು ಬಿಡುವು. ಈ ಮೂರು ಪೆಟ್ಟುಗಳನ್ನು ಕಾಪಾಡಿಕೊಂಡೇ ನಿಧಾನವಾಗಬೇಕು ಎನ್ನುವುದು ಪ್ಲೆಷರ್‌ನ ಬೇಡಿಕೆ, ಮತ್ತು ಬೇಡಿಕೆಯಾಗಿ ಅದು ಸುಂದರವಾದದ್ದೇ. ಆದರೆ ನಿಧಾನ ಎಂದರೆ ಸುಲಭ ಎಂದುಕೊಳ್ಳುವವರು ವಿಳಂಬ ಕಾಲದಲ್ಲಿ ಹಾಡುವ ಗಾಯಕರನ್ನು ಕೇಳಬೇಕು. ದ್ರುತದಲ್ಲಿ ಮುಚ್ಚಿಹೋಗುವ ಪ್ರತಿ ದೋಷವೂ ಅಲ್ಲಿ ಬಯಲಾಗುತ್ತದೆ, ಉಸಿರಿನ ಬಲವಿಲ್ಲದವನ ತಾಳ ಅಲ್ಲೇ ಮುರಿಯುತ್ತದೆ. ಕುದುರೆಯ ವಿಷಯದಲ್ಲಿ ಆ ಬಲ ಇರಬೇಕಾದದ್ದು ಹಿಂಭಾಗದಲ್ಲಿ. ಹಿಂಗಾಲನ್ನು ಹೊಟ್ಟೆಯ ಕೆಳಗೆ ಆಳವಾಗಿ ತಂದು, ಬೆನ್ನನ್ನು ಎತ್ತಿ, ಮೈಭಾರವನ್ನು ಹಿಂದಕ್ಕೆ ಹೊತ್ತುಕೊಂಡರೆ ಮಾತ್ರ ಅದು ನಿಧಾನವಾಗಿಯೂ ತೇಲಬಲ್ಲದು. ಅಷ್ಟು ಬಲ ಬರಲು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಸಾಧನೆ ಬೇಕು.

ಬಲವಿಲ್ಲದ ಕುದುರೆಯನ್ನು ಬರೀ ಲಗಾಮಿನಿಂದ ನಿಧಾನ ಮಾಡಿದರೆ ಏನಾಗುತ್ತದೆ? ನಡುವಿನ ಆ ಜೋಡಿ ಒಡೆಯುತ್ತದೆ. ಒಟ್ಟಿಗೆ ಬೀಳಬೇಕಾದ ಹಿಂಗಾಲು ಮತ್ತು ಮುಂಗಾಲು ಒಂದರ ಹಿಂದೆ ಒಂದು ಬೀಳುತ್ತವೆ. ಮೂರು ಪೆಟ್ಟು ನಾಲ್ಕಾಗುತ್ತದೆ, ನೆಲ ಬಿಡುವ ಕ್ಷಣ ಇಲ್ಲವಾಗುತ್ತದೆ. ಮುಂಗಾಲುಗಳು ಲೋಪ್ ಮಾಡುತ್ತಿರುವಂತೆ ಕಂಡರೂ ಹಿಂಗಾಲುಗಳು ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾ ಬಳಲುತ್ತಿರುತ್ತವೆ. ಪ್ರತಿ ಹೆಜ್ಜೆಗೂ ತಲೆ ಮೇಲೆ ಕೆಳಗೆ ತೂಗುತ್ತದೆ. ಕೆಲವರು ಇನ್ನೊಂದು ಉಪಾಯ ಹೂಡುತ್ತಾರೆ: ಕುದುರೆಯ ಪೃಷ್ಠವನ್ನು ಅಂಗಣದ ಒಳಬದಿಗೆ ದೂಡಿ, ಮೈಯನ್ನು ಓರೆಯಾಗಿಟ್ಟು ಓಡಿಸುತ್ತಾರೆ, ಓರೆಯಾದ ಮೈಗೆ ವೇಗ ಸಿಗುವುದಿಲ್ಲ, ನೋಡುವವರಿಗೆ ಸಂಯಮದಂತೆ ತೋರುತ್ತದೆ. ಇವೆಲ್ಲ ನುರಿತ ತರಬೇತುದಾರರ ಕೈಯಲ್ಲೂ ನಡೆಯುವ ತಪ್ಪುಗಳು. ಹೊಸಬರ ಕೈಯಲ್ಲಿ ಇವು ಬೇಗ ಬೇರೂರುತ್ತವೆ, ಏಕೆಂದರೆ ಹೊಸಬರು ಕಣ್ಣಿಂದ ಕಲಿಯುತ್ತಾರೆ. ನೀಲಿ ರಿಬ್ಬನ್ ಪಡೆದ ಕುದುರೆ ತಲೆ ತಗ್ಗಿಸಿ ನಿಧಾನವಾಗಿ ಹೋಗಿದ್ದನ್ನು ಅವರು ನೋಡಿರುತ್ತಾರೆ. ಅದರ ಬೆನ್ನು ಮತ್ತು ಹಿಂಗಾಲು ಮಾಡುತ್ತಿದ್ದ ಕೆಲಸವನ್ನು ಕಾಣಲು ಬೇಕಾದ ಕಣ್ಣು ಅವರಿಗಿನ್ನೂ ಬಂದಿರುವುದಿಲ್ಲ. ಮನೆಗೆ ಹೋಗಿ ಮಾಡುವ ಮೊದಲ ಕೆಲಸ ಲಗಾಮು ಜಗ್ಗುವುದು.

ಆ ಲಗಾಮಿನ ತುದಿಯಲ್ಲಿ ಏನಿದೆ ಎನ್ನುವುದೂ ಮುಖ್ಯ. ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ 1940ರಲ್ಲಿ ಹುಟ್ಟಿದ್ದು. ಊರ ಕ್ಲಬ್ಬುಗಳು ತಮಗೆ ತಕ್ಕಂತೆ ಸಡಿಲಿಸಿಕೊಂಡರೂ ಬಹುಪಾಲು ನೋಡಿಕೊಳ್ಳುವುದು ಅದರ ನಿಯಮಪುಸ್ತಕವನ್ನೇ. ಅದರ ಪ್ರಕಾರ ಐದು ವರ್ಷ ದಾಟಿದ ಕುದುರೆಯನ್ನು ಸಾಮಾನ್ಯವಾಗಿ ಕರ್ಬ್ ಕಡಿವಾಣದಲ್ಲಿ ಒಂದೇ ಕೈಯಿಂದ ನಡೆಸಬೇಕು. ಬಾಯಿಯ ಎರಡು ಬದಿಗೂ ಇಳಿಬಿದ್ದ ಲೋಹದ ಶ್ಯಾಂಕ್ ಎಂಟೂವರೆ ಇಂಚಿನವರೆಗೂ ಇರಬಹುದು. ಅದು ಸನ್ನೆಗೋಲು, ಕೈಯ ಸಣ್ಣ ಸೆಳೆತವನ್ನು ದವಡೆಗೂ ನಾಲಿಗೆಗೂ ಹಲವು ಪಟ್ಟು ಮಾಡಿ ಮುಟ್ಟಿಸುತ್ತದೆ. ಪಳಗಿದ ಕೈಗೆ ಇದರಿಂದ ಪಿಸುಮಾತಿನಷ್ಟು ಸೂಚನೆ ಸಾಕಾಗುತ್ತದೆ. ಸಮತೋಲ ತಪ್ಪಿದಾಗ ಲಗಾಮನ್ನೇ ಆಸರೆ ಮಾಡಿಕೊಳ್ಳುವ ಹೊಸ ಸವಾರ ಪ್ರತಿ ಹೆಜ್ಜೆಗೂ ಕುದುರೆಯ ಬಾಯನ್ನು ನೋಯಿಸುತ್ತಾನೆ. ನೋವಿಗೆ ಕುದುರೆ ತಲೆ ಎತ್ತುತ್ತದೆ, ಬೆನ್ನು ಕುಸಿಯುತ್ತದೆ, ಲೋಪ್ ಇನ್ನಷ್ಟು ಮುರಿಯುತ್ತದೆ. ತಲೆ ಎತ್ತಿದ್ದಕ್ಕೆ ಮತ್ತೊಂದು ಜಗ್ಗು. ಸಡಿಲ ಲಗಾಮಿನಲ್ಲಿ ಹಾಯಾಗಿ ಹೋಗುವ ಕುದುರೆಯನ್ನು ತೋರಿಸಬೇಕಾದ ವಿಭಾಗ ಹೊಸಬರನ್ನು ಸದಾ ಜಗ್ಗುವ ಕೈಯತ್ತ ದೂಡುತ್ತದೆ. ಇದಕ್ಕಿಂತ ದೊಡ್ಡ ಆಕ್ಷೇಪಣೆ ನನಗೆ ತೋಚುವುದಿಲ್ಲ.

ನಿಯಮಗಳು ತಿದ್ದಿಕೊಂಡಿವೆಯಲ್ಲ ಎನ್ನುತ್ತಾರೆ. ಅದು ನಿಜ. 1980ರ ದಶಕದಲ್ಲಿ ಮೂಗನ್ನು ನೆಲಕ್ಕೆ ಸವರುವಂತೆ ಹೋಗುತ್ತಿದ್ದ ಕುದುರೆಗಳು ಬಹುಮಾನ ಪಡೆದು 'ಪೀನಟ್ ರೋಲರ್' ಎಂಬ ಅಡ್ಡಹೆಸರನ್ನೂ ಪಡೆದವು. ಆ ಕಾಲ ಸರಿಯಿತು. ಕಿವಿಯ ತುದಿ ಹೆಗಲುಬ್ಬಿಗಿಂತ ಕೆಳಗಿಳಿದರೆ ಈಗ ದೋಷ. ನಾಲ್ಕು ಪೆಟ್ಟಿನ ನಡೆಯನ್ನು ಲೋಪ್ ಎಂದು ಎಣಿಸುವಂತಿಲ್ಲ. ದೊಡ್ಡ ಅಂಗಣಗಳಲ್ಲಿ ಇಂದು ಗೆಲ್ಲುವ ಕುದುರೆಗಳ ನಡೆ ಅಂದಿನದಕ್ಕಿಂತ ಎಷ್ಟೋ ಮೇಲು ಎಂಬುದನ್ನು ಒಪ್ಪದಿದ್ದರೆ ಅನ್ಯಾಯವಾಗುತ್ತದೆ. ಆದರೆ ಊರ ಕ್ಲಬ್ಬಿನಲ್ಲಿ ತೀರ್ಪುಗಾರರ ಕೈಕಟ್ಟಿರುವುದು ಬೇರೆ ಕಾರಣಕ್ಕೆ. ಪ್ಲೆಷರ್‌ನಲ್ಲಿ ಕುದುರೆಗಳನ್ನು ಒಂದಕ್ಕೊಂದು ಹೋಲಿಸಿ ಕ್ರಮವಾಗಿ ನಿಲ್ಲಿಸಬೇಕು. ಇರುವವುಗಳ ಪೈಕಿ ಎಲ್ಲವೂ ನಾಲ್ಕು ಪೆಟ್ಟಿನಲ್ಲಿ ಹೋದರೂ ಯಾವುದೋ ಒಂದಕ್ಕೆ ನೀಲಿ ಕೊಡಲೇಬೇಕು, ಮತ್ತೊಂದಕ್ಕೆ ಕೆಂಪು, ಆಮೇಲೆ ಹಳದಿ, ಬಿಳಿ, ಗುಲಾಬಿ, ಹಸಿರು. ಕಡಿಮೆ ಕೆಟ್ಟದ್ದು ಮಾದರಿಯಾಗಿಬಿಡುತ್ತದೆ. ಏಳನೆಯವರಾಗಿ ಬರಿಗೈಯಲ್ಲಿ ಹೊರಬಂದವರಿಗೆ ತಮ್ಮ ಜಾಗ್ ಕೆಟ್ಟಿತೋ, ಲೋಪ್ ತಪ್ಪು ಕಾಲಿನಲ್ಲಿ ಶುರುವಾಯಿತೋ, ತೀರ್ಪುಗಾರರ ಕಣ್ಣು ಬಿದ್ದ ಆ ಒಂದು ಗಳಿಗೆಯಲ್ಲಿ ಬೇರೊಂದು ಕುದುರೆ ಅಡ್ಡ ಬಂತೋ ತಿಳಿಯುವ ದಾರಿಯೇ ಇಲ್ಲ. ಕಲಿಯಲು ಬಂದವರಿಗೆ ಕಾರಣ ಹೇಳದ ತೀರ್ಪಿನಿಂದ ಯಾವ ಉಪಯೋಗವೂ ಇಲ್ಲ.

ಪ್ಲೆಷರ್ ಬಗ್ಗೆ ಈಗಾಗಲೇ ಬಹಳ ಜನ ಬರೆದಿದ್ದಾರೆ, ಮತ್ತು ಅವರಲ್ಲಿ ಹೆಚ್ಚಿನವರೊಂದಿಗೂ ನನ್ನ ಜಗಳವಿದೆ. ಡ್ರೆಸಾಜ್ ಎಂಬ ಶಾಸ್ತ್ರೀಯ ಸವಾರಿಯ ಪಕ್ಷದವರು ಇಡೀ ವಿಭಾಗವನ್ನೇ ಕುದುರೆಗೆ ಮಾಡುವ ದ್ರೋಹವೆಂದು ತಳ್ಳಿಹಾಕುತ್ತಾರೆ. ಅವರು ತೋರಿಸುವ ಸಾಕ್ಷ್ಯವೆಲ್ಲ ಕೆಟ್ಟ ಕುದುರೆಗಳದ್ದು. ಬೆನ್ನೆತ್ತಿ, ಮೂರು ಪೆಟ್ಟು ಬಿಡದೆ, ಸಡಿಲ ಲಗಾಮಿನಲ್ಲಿ ಸುತ್ತುವ ಒಳ್ಳೆಯ ಪ್ಲೆಷರ್ ಕುದುರೆಯನ್ನು ಅವರು ನೋಡಲು ಒಪ್ಪುವುದಿಲ್ಲ. ತಮ್ಮ ಅಂಗಣಗಳಲ್ಲಿ ಕುದುರೆಯ ಗದ್ದವನ್ನು ಎದೆಗೆ ಒತ್ತಿ ಓಡಿಸಿದ್ದರ ಬಗ್ಗೆ ನಡೆದ ವಿವಾದವನ್ನು ಅಷ್ಟೇ ಕಟ್ಟುನಿಟ್ಟಾಗಿ ಅವರು ಅಳೆದಿದ್ದರೆ ಈ ಮಾತಿಗೆ ತೂಕ ಬರುತ್ತಿತ್ತು. ಇನ್ನೊಂದು ಕಡೆ ಪ್ಲೆಷರ್‌ನ ಒಳಗಿನವರ ಸಮರ್ಥನೆ: ಇಂದಿನ ಕುದುರೆಗಳಿಗೆ ಈ ನಡೆ ಹುಟ್ಟಿನಿಂದಲೇ ಬಂದಿರುತ್ತದೆ, ತಳಿ ಆಯ್ದು ಬೆಳೆಸಿದ್ದೇವೆ, ಬಲವಂತದ ಪ್ರಶ್ನೆಯೇ ಇಲ್ಲ. ಇದು ನಿಜವಾದಷ್ಟೂ ಅವರ ಉಪದೇಶ ಕುಸಿಯುತ್ತದೆ. ನಡೆ ಹುಟ್ಟಿನಿಂದ ಬರುವುದಾದರೆ ಹೊಸಬರಿಗೆ ಇವರು ಹೇಳುತ್ತಿರುವುದು 'ಸುಲಭವಾದದ್ದರಿಂದ ಶುರುಮಾಡಿ' ಎಂದಲ್ಲ, 'ಮೊದಲು ಇಂಥ ಕುದುರೆಯನ್ನು ಕೊಂಡುಕೊಳ್ಳಿ' ಎಂದು. ಹಿತ್ತಲಲ್ಲಿ ಸಾಕಿದ ಸಾಧಾರಣ ಕುದುರೆ, ನೇರ ಹೆಗಲು, ಪುಟಿಯುವ ಜಾಗ್ ಇರುವ ಕುದುರೆ, ಸವಾರ ಎಷ್ಟೇ ಶ್ರಮಿಸಿದರೂ ಈ ವಿಭಾಗದಲ್ಲಿ ಹಿಂದೆಯೇ ಉಳಿಯುತ್ತದೆ. ಅಂಥ ಕುದುರೆಗಳಿಗೂ ಬಾಗಿಲು ತೆರೆದಿಡುವುದೇ ಊರ ಕ್ಲಬ್ಬುಗಳು ಇರುವುದರ ಅರ್ಥ.

ಮೂರನೆಯ ಪಕ್ಷ ರಾಂಚ್ ರೈಡಿಂಗ್‌ನವರದು, ಇವರ ಮಾತು ಹೆಚ್ಚು ಗಂಭೀರವಾದದ್ದು. 2010ರ ದಶಕದಲ್ಲಿ ಬೇರುಬಿಟ್ಟ ಈ ವಿಭಾಗದಲ್ಲಿ ಬೆಳ್ಳಿ ಹೊದಿಸಿದ ತಡಿಗೆ ಮನ್ನಣೆಯಿಲ್ಲ. ಕುದುರೆ ದನ ಕಾಯುವ ಬಯಲಿನಲ್ಲಿ ಹೋಗುವಂತೆ ಮುನ್ನುಗ್ಗಬೇಕು, ಟ್ರಾಟ್ ಮತ್ತು ಲೋಪ್ ಎರಡನ್ನೂ ಉದ್ದ ಮಾಡಿ ತೋರಿಸಬೇಕು, ಪ್ಯಾಟರ್ನ್ ಪ್ರಕಾರ ಒಬ್ಬೊಬ್ಬರೇ ಸವಾರಿ ಮಾಡಬೇಕು, ಒಂದೊಂದು ಭಾಗಕ್ಕೂ ಅಂಕ ಬೀಳುತ್ತದೆ. ಪ್ಲೆಷರ್‌ಗೆ ಇದು ಒಳ್ಳೆಯ ಉತ್ತರ, ಹೊಸಬರಿಗೆ ಒಳ್ಳೆಯ ಎರಡನೆಯ ವರ್ಷ. ಮೊದಲ ವರ್ಷಕ್ಕೆ ಅಲ್ಲ. ಲೋಪನ್ನು ಉದ್ದ ಮಾಡಿಸಿ ಮತ್ತೆ ಹಿಡಿತಕ್ಕೆ ತರುವುದು ಗಟ್ಟಿಯಾಗಿ ಕೂರಲು ಬಂದವರ ಕೆಲಸ. ರಾಂಚ್ ಪಕ್ಷದವರೂ ಉಳಿದವರಂತೆ ಕುದುರೆಯ ನಡೆ ಹೇಗಿರಬೇಕು ಎಂಬ ಚರ್ಚೆಯಲ್ಲೇ ಮುಳುಗಿ, ತಡಿಯ ಮೇಲೆ ಕೂತವರು ಯಾರು, ಅವರಿಗೆ ಏನು ಗೊತ್ತಿದೆ ಎಂದು ಕೇಳುವುದನ್ನೇ ಮರೆತಿದ್ದಾರೆ.

ಷೋಮನ್‌ಶಿಪ್ ಕೇಳುವುದು ಇದನ್ನೇ. ಇಲ್ಲಿ ಸವಾರಿಯಿಲ್ಲ. ಹಾಲ್ಟರ್ ತೊಡಿಸಿದ ಕುದುರೆಯನ್ನು ನೆಲದ ಮೇಲೆ ನಿಂತು ನಡೆಸಬೇಕು. ಕುದುರೆಯ ಅಂಗಸೌಷ್ಠವಕ್ಕೆ ಅಂಕವಿಲ್ಲ. ಅದನ್ನು ಹೇಗೆ ಸಿದ್ಧಪಡಿಸಿ ತಂದಿದ್ದಾರೆ, ಹೇಗೆ ತೋರಿಸುತ್ತಾರೆ ಎನ್ನುವುದಕ್ಕೆ ಮಾತ್ರ. ಹೊಳೆಯುವ ಅಂಗಿಗಳ ಸ್ಪರ್ಧೆ ಎಂದು ಇದನ್ನು ಹಗುರವಾಗಿ ಕಾಣುವವರು ಕ್ವಾರ್ಟರ್ ಪದ್ಧತಿಯನ್ನು ಒಮ್ಮೆ ಸರಿಯಾಗಿ ನೋಡಬೇಕು. ಹೆಗಲುಬ್ಬಿನಲ್ಲಿ ಅಡ್ಡಲಾಗಿ ಒಂದು, ಬೆನ್ನಿನ ಉದ್ದಕ್ಕೆ ಇನ್ನೊಂದು ಗೆರೆ ಎಳೆದರೆ ಕುದುರೆ ನಾಲ್ಕು ಭಾಗವಾಗುತ್ತದೆ. ತೀರ್ಪುಗಾರರು ಕುದುರೆಯನ್ನು ಸುತ್ತುವಾಗ ಅವರು ಮುಂದಿನ ಭಾಗಗಳಲ್ಲಿದ್ದರೆ ಹಿಡಿದವರು ಎದುರು ಬದಿಯಲ್ಲಿ ನಿಲ್ಲಬೇಕು, ಹಿಂದಿನ ಭಾಗಗಳಿಗೆ ಹೋದರೆ ಅದೇ ಬದಿಗೆ ಬರಬೇಕು. ಮೊದಲ ನಿಯಮದ ಕಾರಣ ಸರಳ: ನೋಟಕ್ಕೆ ಅಡ್ಡವಾಗಬಾರದು. ಎರಡನೆಯದರಲ್ಲಿ ಕುದುರೆಯ ಸ್ವಭಾವದ ಅರಿವೇ ಅಡಗಿದೆ. ಕುದುರೆ ಬೆಚ್ಚಿದಾಗ ಹಿಡಿದವರು ತಲೆಯನ್ನು ತಮ್ಮ ಕಡೆ ಎಳೆದರೆ ಅದರ ಹಿಂಭಾಗ ಆಚೆ ಸರಿಯುತ್ತದೆ. ಅದೇ ಬದಿಯಲ್ಲಿರುವ ತೀರ್ಪುಗಾರರು ಒದೆತದಿಂದ ಪಾರಾಗುತ್ತಾರೆ. ಎದುರು ಬದಿಯಲ್ಲಿ ನಿಂತು ಎಳೆದರೆ ಹಿಂಗಾಲುಗಳು ನೇರವಾಗಿ ಅವರ ಕಡೆಗೇ ತಿರುಗುತ್ತವೆ. ತಲೆ ಎಲ್ಲಿಗೆ ಹೋದರೆ ಸೊಂಟ ಎಲ್ಲಿಗೆ ಹೋಗುತ್ತದೆ ಎಂಬ ಈ ತಿಳಿವು ಮುಂದೆ ತಡಿಯ ಮೇಲೆ ಕೂತಾಗ ಪ್ರತಿ ಕ್ಷಣವೂ ಬೇಕಾಗುತ್ತದೆ. ಬಲ ಹಿಂಗಾಲನ್ನು ಊರಿಸಿ ಬಲಕ್ಕೆ ತಿರುಗಿಸುವ ಪಿವಟ್, ಕೈಯಿಂದ ಮುಟ್ಟದೆ ನಾಲ್ಕು ಕಾಲುಗಳನ್ನು ಚೌಕಕ್ಕೆ ನಿಲ್ಲಿಸುವುದು, ಜೊತೆಯಲ್ಲಿ ಓಡಿ ಗುರುತಿನ ಜಾಗದಲ್ಲಿ ತಟ್ಟನೆ ನಿಲ್ಲಿಸುವುದು, ಇವೆಲ್ಲವನ್ನೂ ದುಬಾರಿ ಕುದುರೆಯಿಲ್ಲದೆ, ಮನೆಯ ಹಿತ್ತಲಿನಲ್ಲೇ ದಿನವೂ ಅಭ್ಯಾಸ ಮಾಡಬಹುದು.

ಸವಾರಿ ಮಾಡಲು ಬಂದವರನ್ನು ನೆಲದ ಮೇಲೆ ನಿಲ್ಲಿಸುವುದು ಸರಿಯೇ ಎಂದು ಕೇಳಬಹುದು. ನೆಲದ ಮೇಲೆ ನಿಂತಾಗ ಮಾತು ಕೇಳದ ಕುದುರೆ ಮೇಲೆ ಹತ್ತಿದ ಮಾತ್ರಕ್ಕೆ ಕೇಳುವುದಿಲ್ಲ. ಬೇಲಿಯ ಗುಂಟ ಹತ್ತಾರು ಕುದುರೆಗಳ ನಡುವೆ, ಒದೆಯುತ್ತದೆಂದು ಎಚ್ಚರಿಸಲು ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿದ ಕುದುರೆಯೊಂದರ ಹಿಂದೆ ಸಿಕ್ಕಿಕೊಂಡಾಗಲಂತೂ ಖಂಡಿತ ಕೇಳುವುದಿಲ್ಲ. ಗುಂಪಿನಲ್ಲಿ ಹೋಗುವುದೇ ಸುರಕ್ಷಿತ ಎಂಬ ನಂಬಿಕೆಗೆ ಆಧಾರವಿಲ್ಲ. ಷೋಮನ್‌ಶಿಪ್‌ನಲ್ಲೂ ಗದ್ದದ ಕೆಳಗೆ ಹಾಯಿಸಿದ ಚೈನನ್ನು ಜಗ್ಗಿ ನೋಯಿಸುವವರಿದ್ದಾರೆ, ಆ ಆಕ್ಷೇಪಣೆ ನ್ಯಾಯವಾದದ್ದು. ಆದರೆ ಅಲ್ಲಿ ಜಗ್ಗಿದ್ದು ತೀರ್ಪುಗಾರರ ಕಣ್ಣೆದುರೇ ನಡೆಯುತ್ತದೆ, ಅಂಕ ಕಳೆಯುತ್ತದೆ, ಯಾಕೆ ಕಳೆಯಿತೆಂದು ಹೇಳಲೂ ಬರುತ್ತದೆ.

ಆ ಹೇಳುವಿಕೆಗೆ ವ್ಯವಸ್ಥೆ ಈಗಾಗಲೇ ಇದೆ. ವಿಶ್ವವಿದ್ಯಾಲಯಗಳ ವಿಸ್ತರಣಾ ವಿಭಾಗಗಳ ಮೂಲಕ ನಡೆಯುವ ಫೋರ್-ಎಚ್ ಎಂಬ ಮಕ್ಕಳ ಕೂಟಗಳಲ್ಲಿ ಹಲವು ಕಡೆ ಡ್ಯಾನಿಶ್ ಪದ್ಧತಿ ಜಾರಿಯಲ್ಲಿದೆ. ಅಲ್ಲಿ ಮಕ್ಕಳನ್ನು ಒಬ್ಬರಿಗೊಬ್ಬರು ಹೋಲಿಸುವುದಿಲ್ಲ, ಒಂದು ಮಟ್ಟಕ್ಕೆ ಹೋಲಿಸುತ್ತಾರೆ. ಮಟ್ಟ ಮುಟ್ಟಿದವರೆಲ್ಲರಿಗೂ ನೀಲಿ, ಸ್ವಲ್ಪ ಕೊರತೆಯಿದ್ದವರಿಗೆ ಕೆಂಪು, ಇನ್ನೂ ದುಡಿಯಬೇಕಾದವರಿಗೆ ಬಿಳಿ. ದೊಡ್ಡವರ ಕ್ಲಬ್ಬುಗಳು ಇದನ್ನು ಮಕ್ಕಳಾಟವೆಂದು ಬದಿಗಿಟ್ಟಿವೆ. ಹೊಸಬರ ವಿಭಾಗಗಳಿಗಾದರೂ ಇದನ್ನು ತರಲಿ, ಅಂಕಪಟ್ಟಿಯನ್ನು ಅವರ ಕೈಗೇ ಕೊಡಲಿ, ಷೋಮನ್‌ಶಿಪ್‌ನಲ್ಲಿ ಕೆಂಪು ದಾಟದವರನ್ನು ಆ ವರ್ಷ ಲೋಪ್ ಇರುವ ಯಾವ ವಿಭಾಗಕ್ಕೂ ಬಿಡದಿರಲಿ. ಪ್ಲೆಷರ್‌ಗೆ ಹೆಸರು ಕೊಡುವವರು ಮೊದಲ ಕೆಲವು ವರ್ಷ ಕಡಿಮೆಯಾಗುತ್ತಾರೆ, ಕ್ಲಬ್ಬಿನ ಶುಲ್ಕದ ಲೆಕ್ಕವೂ ತಗ್ಗುತ್ತದೆ. ಕುದುರೆಯ ಬಾಯಿ ತೆರುವ ಬೆಲೆಯ ಮುಂದೆ ಈ ನಷ್ಟವನ್ನು ಕ್ಲಬ್ಬುಗಳು ಹೊರಬೇಕು.