ಲಂಡನ್ನಿನ ಕಾಫಿಗೃಹಗಳೂ ಸಾರ್ವಜನಿಕ ಚರ್ಚೆಯೂ : ಒಂದು ವಿಮರ್ಶೆ

ಸಾಮಾಜಿಕ ಮಾಧ್ಯಮಗಳು ಜನರ ಮಾತುಕತೆಯ ಮುಖ್ಯ ಸ್ಥಾನವಾಗಿರುವ ಈ ಕಾಲದಲ್ಲಿ, ಬಾಳಿಕೆ ಬರುವ ಚರ್ಚಾಗೋಷ್ಠಿಯೊಂದನ್ನು ಕಟ್ಟುವುದು ಹೇಗೆಂಬ ಪ್ರಶ್ನೆ ಎದ್ದಾಗ ಹದಿನೇಳನೆಯ ಶತಮಾನದ ಲಂಡನ್ನಿನ ಕಾಫಿಗೃಹಗಳನ್ನು ನಿದರ್ಶನವಾಗಿ ಹೇಳುವುದು ವಾಡಿಕೆಯಾಗಿದೆ. ಅಲ್ಲಿ ಬಾಗಿಲು ಎಲ್ಲರಿಗೂ ತೆರೆದಿತ್ತು. ಒಂದು ಪೆನ್ನಿ ಕೊಟ್ಟವನು ಯಾರ ಪಕ್ಕದಲ್ಲಾದರೂ ಕುಳಿತು ಯಾವ ವಿಷಯವನ್ನಾದರೂ ಚರ್ಚಿಸಬಹುದಾಗಿತ್ತು. ಈ ಮುಕ್ತತೆಯ ಫಲವಾಗಿಯೇ ವಿಜ್ಞಾನ, ವಾಣಿಜ್ಯ, ರಾಜಕೀಯ ವಿಚಾರ ಇವೆಲ್ಲ ಅಲ್ಲಿ ಬೆಳೆದುವು ಎಂಬುದು ಈ ವಾದದ ಸಾರ. ಇದು ಎಷ್ಟರಮಟ್ಟಿಗೆ ಇತಿಹಾಸಕ್ಕೆ ಸಮ್ಮತವೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಾದಕ್ಕೆ ಮುಖ್ಯವಾದ ಆಧಾರ ಜರ್ಮನಿಯ ತತ್ತ್ವಶಾಸ್ತ್ರಜ್ಞ ಯುರ್ಗೆನ್ ಹಾಬರ್‌ಮಾಸ್ ಅವರು ಸಾರ್ವಜನಿಕ ವಲಯದ ಪರಿವರ್ತನೆಯನ್ನು ಕುರಿತು ೧೯೬೨ರಲ್ಲಿ ಪ್ರಕಟಿಸಿದ ಗ್ರಂಥ. ಅದರ ಇಂಗ್ಲಿಷ್ ಅನುವಾದ ೧೯೮೯ರಲ್ಲಿ ಹೊರಬಂದ ಮೇಲೆ ಅದರ ಪ್ರಭಾವ ವ್ಯಾಪಕವಾಯಿತು. ಅಂತಸ್ತನ್ನು ಗಣಿಸದಿರುವುದು, ಅದುವರೆಗೆ ಪ್ರಶ್ನಾತೀತವಾಗಿದ್ದ ವಿಷಯಗಳನ್ನು ಚರ್ಚೆಗೆ ತರುವುದು, ತತ್ತ್ವಶಃ ಎಲ್ಲರಿಗೂ ಪ್ರವೇಶವಿರುವುದು ಎಂಬ ಮೂರು ಲಕ್ಷಣಗಳನ್ನು ಹಾಬರ್‌ಮಾಸ್ ಅವರು ಕಾಫಿಗೃಹಗಳಲ್ಲಿಯೂ ಫ್ರಾನ್ಸಿನ ಸಲೋನುಗಳಲ್ಲಿಯೂ ಜರ್ಮನಿಯ ಗೋಷ್ಠಿಗಳಲ್ಲಿಯೂ ಗುರುತಿಸಿದರು. ೨೦೧೩ರಲ್ಲಿ ಪತ್ರಕರ್ತ ಟಾಮ್ ಸ್ಟ್ಯಾಂಡೇಜ್ ಅವರು ‘ರೈಟಿಂಗ್ ಆನ್ ದಿ ವಾಲ್’ ಎಂಬ ಗ್ರಂಥದಲ್ಲಿ ಇನ್ನೂ ಮುಂದುವರಿದು, ಕಾಫಿಗೃಹವನ್ನು ಇಂದಿನ ಸಾಮಾಜಿಕ ಮಾಧ್ಯಮದ ಪೂರ್ವರೂಪಗಳಲ್ಲಿ ಒಂದೆಂದು ನಿರೂಪಿಸಿದರು. ಹಾಬರ್‌ಮಾಸ್ ಅವರಿಗೆ ನ್ಯಾಯ ಸಲ್ಲಿಸಬೇಕಾದರೆ ಒಂದು ಮಾತನ್ನು ಮೊದಲೇ ಹೇಳಬೇಕು. ಈ ಆದರ್ಶ ಆ ಸ್ಥಳಗಳಲ್ಲಿ ಪೂರ್ಣವಾಗಿ ಸಿದ್ಧಿಸಿತ್ತೆಂದು ಅವರು ಹೇಳಲಿಲ್ಲ. ಆದರ್ಶವಾಗಿ ಅದು ಅಲ್ಲಿ ನೆಲೆಗೊಂಡಿತೆಂದು ಮಾತ್ರ ಹೇಳಿದರು. ಈ ಭೇದವನ್ನು ಮರೆತು, ಆದರ್ಶವನ್ನೇ ವೃತ್ತಾಂತವೆಂದು ಗ್ರಹಿಸಿದ್ದು ಅನಂತರದವರ ದೋಷ.

ಆಧಾರಗಳ ವಿಷಯದಲ್ಲಿಯೇ ಈ ದೋಷ ಸ್ಪಷ್ಟವಾಗುತ್ತದೆ. ಲಂಡನ್ನಿನಲ್ಲಿ ಮೊದಲ ಕಾಫಿಗೃಹವನ್ನು ತೆರೆದವನು ಪಾಸ್ಕ್ವಾ ರೋಸೆ, ಕಾಲ ೧೬೫೨, ಸ್ಥಳ ಕಾರ್ನ್‌ಹಿಲ್ ಬಳಿಯ ಸೇಂಟ್ ಮೈಕೇಲ್ ಓಣಿ. ಅಲ್ಲಿಂದ ಇಪ್ಪತ್ತೆರಡು ವರ್ಷಗಳ ತರುವಾಯ, ೧೬೭೪ರಲ್ಲಿ, ಕಾಫಿಗೃಹದ ನಿಯಮಾವಳಿಯೆಂಬ ಪದ್ಯರೂಪದ ಒಂದು ಹಾಳೆ ಅಚ್ಚಾಯಿತು. ದೊಡ್ಡವರು ಬಂದರೂ ಕುಳಿತವನು ಏಳಬೇಕಾಗಿಲ್ಲ, ಆಣೆಯಿಟ್ಟವನು ಹನ್ನೆರಡು ಪೆನ್ಸ್ ದಂಡ ತೆರಬೇಕು, ಜಗಳ ತೆಗೆದವನು ಎಲ್ಲರಿಗೂ ಕಾಫಿ ಕೊಡಿಸಬೇಕು ಎಂಬ ವಿಧಿಗಳು ಅದರಲ್ಲಿವೆ. ಸಮಾನತೆಯ ಸಾಕ್ಷ್ಯವಾಗಿ ಪದೇ ಪದೇ ಉದಾಹೃತವಾಗುವುದು ಈ ಹಾಳೆಯೇ. ಆದರೆ ಇದು ಕಾಫಿಯ ಗುಣವನ್ನು ಹೊಗಳುವ ಮಾರಾಟದ ಪತ್ರದೊಡನೆ ಅಚ್ಚಾದದ್ದು. ಇದರ ಧಾಟಿಯಲ್ಲಿ ಪರಿಹಾಸವೂ ಬೆರೆತಿದೆ. ಯಾವುದೇ ಗೃಹದಲ್ಲಿ ಈ ದಂಡಗಳನ್ನು ವಸೂಲು ಮಾಡಿದರೆಂದು ಈ ಹಾಳೆಯಿಂದ ಸಿದ್ಧವಾಗುವುದಿಲ್ಲ. ಶಾಸನವೊಂದರ ಶಾಪಾಶಯವನ್ನು ನೋಡಿ ದಾನಕ್ಕೆ ಯಾರೂ ಅಳುಪಲಿಲ್ಲವೆಂದು ಹೇಗೆ ಹೇಳಲಾಗದೋ, ಹಾಗೆಯೇ ಈ ಹಾಳೆಯನ್ನು ನೋಡಿ ಕಾಫಿಗೃಹದಲ್ಲಿ ಸಮಾನತೆಯಿತ್ತೆಂದು ಹೇಳಲಾಗದು. ಆದರೂ ಒಂದು ಸಂಗತಿ ಗಮನಾರ್ಹ. ಪರಿಹಾಸಕ್ಕಾದರೂ ಇದನ್ನು ಬರೆದವನು ಕಾಫಿಗೃಹವನ್ನು ನಿಯಮರಹಿತವಾದ ಸ್ಥಳವಾಗಿ ಕಲ್ಪಿಸಲಿಲ್ಲ.

ನಿಜವಾಗಿ ನಿಯಮವಿದ್ದ ಗೋಷ್ಠಿಯೊಂದರ ವಿವರ ನಮಗೆ ದೊರೆಯುತ್ತದೆ. ‘ಓಷಿಯಾನ’ ಗ್ರಂಥದ ಕರ್ತೃವಾದ ಜೇಮ್ಸ್ ಹ್ಯಾರಿಂಗ್ಟನ್ ೧೬೫೯ರ ಕೊನೆಯಲ್ಲಿ ವೆಸ್ಟ್‌ಮಿನ್‌ಸ್ಟರಿನ ಮೈಲ್ಸ್ ಎಂಬವನ ಕಾಫಿಗೃಹದಲ್ಲಿ ‘ರೋಟ’ ಎಂಬ ಗೋಷ್ಠಿಯನ್ನು ಕೂಡಿಸಿದನು. ಗಣರಾಜ್ಯದ ರಚನೆ ಅದರ ವಿಷಯ. ಜಾನ್ ಆಬ್ರಿ ಬರೆದಿಟ್ಟಿರುವಂತೆ, ಅಂಡಾಕೃತಿಯ ದೊಡ್ಡ ಮೇಜು, ನಡುವೆ ಮೈಲ್ಸ್ ಓಡಾಡಿ ಕಾಫಿ ಕೊಡುವುದಕ್ಕೆ ದಾರಿ, ಸುತ್ತಲೂ ಸದಸ್ಯರು. ಚರ್ಚೆ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಮತ ಹಾಕಿ ನಿರ್ಣಯ ಮಾಡುತ್ತಿದ್ದರು. ಸ್ಯಾಮ್ಯುಯೆಲ್ ಪೀಪ್ಸ್ ೧೬೬೦ರ ಜನವರಿಯಲ್ಲಿ ಹದಿನೆಂಟು ಪೆನ್ಸ್ ಕೊಟ್ಟು ಸದಸ್ಯನಾದುದು ಅವನ ದಿನಚರಿಯಿಂದ ತಿಳಿಯುತ್ತದೆ. ಇಲ್ಲಿ ವಿಷಯವಿತ್ತು, ಕ್ರಮವಿತ್ತು, ಶುಲ್ಕವಿತ್ತು, ಯೋಗ್ಯರಾದ ಜನರಿದ್ದರು. ಆದರೂ ಆ ವರ್ಷದ ಫೆಬ್ರವರಿಯ ಹೊತ್ತಿಗೆ ಗೋಷ್ಠಿ ಮುಗಿದುಹೋಯಿತು. ಅರಸೊತ್ತಿಗೆ ಮರಳುವುದು ಖಚಿತವಾದೊಡನೆ ಗಣರಾಜ್ಯದ ಚರ್ಚೆಗೆ ಪ್ರಯೋಜನವಿಲ್ಲದಂತಾಯಿತು. ಒಂದೇ ಆಸೆಯ ಮೇಲೆ ನಿಂತ ಗೋಷ್ಠಿ ಆ ಆಸೆಯೊಡನೆಯೇ ಅಳಿಯಿತು. ಕ್ರಮವು ಅವಶ್ಯಕ, ಆದರೆ ಕ್ರಮವೊಂದೇ ಸಾಲದು ಎಂಬುದಕ್ಕೆ ಇದು ಸಾಕ್ಷಿ.

ಸರ್ಕಾರದ ಭಯವೂ ಕಾಫಿಗೃಹಗಳಿಗೆ ತಪ್ಪಲಿಲ್ಲ. ೧೬೭೫ರ ಡಿಸೆಂಬರ್ ೨೯ರಂದು ಎರಡನೆಯ ಚಾರ್ಲ್ಸ್ ದೊರೆ ಅವುಗಳನ್ನು ಮುಚ್ಚಬೇಕೆಂದು ಘೋಷಿಸಿದನು. ಮಾಲೀಕರು ಮೊರೆಯಿಡಲಾಗಿ ೧೬೭೬ರ ಜನವರಿ ೮ರಂದು ಆಜ್ಞೆಯನ್ನು ಹಿಂತೆಗೆದುಕೊಂಡನು. ಇದನ್ನು ವಾಕ್‌ಸ್ವಾತಂತ್ರ್ಯದ ವಿಜಯವೆಂದು ಬಣ್ಣಿಸುವವರಿದ್ದಾರೆ. ಆದರೆ ನಿಂದಾತ್ಮಕವಾದ ಪತ್ರಗಳನ್ನು ತಮ್ಮ ಗೃಹಗಳಲ್ಲಿ ಬಿಡುವುದಿಲ್ಲವೆಂದು ಮಾಲೀಕರು ಆಗ ಒಪ್ಪಿಕೊಂಡರೆಂಬುದನ್ನು ಮರೆಯಬಾರದು. ಆಡುವ ಮಾತಿಗೆ ಮನೆಯ ಯಜಮಾನನೂ ಹೊಣೆಗಾರನೆಂಬ ತತ್ತ್ವ ಅಲ್ಲಿಂದ ಸ್ಥಿರವಾಯಿತು. ಈ ಹೊಣೆ ದಮನಕ್ಕೂ ದಾರಿಯಾಗಬಲ್ಲುದು, ವ್ಯವಸ್ಥೆಗೂ ದಾರಿಯಾಗಬಲ್ಲುದು.

ವ್ಯವಸ್ಥೆಯ ಉತ್ತಮ ನಿದರ್ಶನ ಪತ್ರಿಕೆಗಳಲ್ಲಿ ದೊರೆಯುತ್ತದೆ. ರಿಚರ್ಡ್ ಸ್ಟೀಲ್ ೧೭೦೯ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯನ್ನು ಆರಂಭಿಸಿ, ಯಾವ ವಿಷಯದ ಬರಹ ಯಾವ ಕಾಫಿಗೃಹದ ಹೆಸರಿನಲ್ಲಿ ಬರಬೇಕೆಂದು ಮೊದಲೇ ವಿಂಗಡಿಸಿದನು : ಕಾವ್ಯಕ್ಕೆ ವಿಲ್ಸ್, ವಿದ್ವತ್ತಿಗೆ ಗ್ರೀಷಿಯನ್, ದೇಶವಿದೇಶಗಳ ಸುದ್ದಿಗೆ ಸೇಂಟ್ ಜೇಮ್ಸ್. ೧೭೧೩ರಲ್ಲಿ ಬಟನ್ ಎಂಬವನ ಕಾಫಿಗೃಹದಲ್ಲಿ ಸಿಂಹಮುಖದ ಪೆಟ್ಟಿಗೆಯೊಂದನ್ನು ಇಡಲಾಯಿತು; ಓದುಗರು ‘ಗಾರ್ಡಿಯನ್’ ಪತ್ರಿಕೆಗೆ ಬರೆದ ಓಲೆಗಳನ್ನು ಅದರ ಬಾಯಿಯಲ್ಲಿ ಹಾಕುತ್ತಿದ್ದರು. ಸಿಂಹದ ಬಾಯಿ ಎಲ್ಲರಿಗೂ ತೆರೆದಿತ್ತು. ಆದರೆ ಒಳಗೆ ಬಿದ್ದುದೆಲ್ಲ ಅಚ್ಚಾಗುತ್ತಿರಲಿಲ್ಲ. ಜೋಸೆಫ್ ಅಡಿಸನ್ ಮತ್ತು ಅವನ ಮಿತ್ರರ ಆಯ್ಕೆ ನಡುವೆ ಇತ್ತು. ಸಾರ್ವಜನಿಕ ಚರ್ಚೆಯೆಂದು ನಾವು ಮೆಚ್ಚುವುದು ಈ ಸೋಸುವಿಕೆಯ ಅನಂತರ ಉಳಿದುದನ್ನು.

ಇನ್ನು ದೀರ್ಘಕಾಲ ಬಾಳಿದ ಗೃಹಗಳ ವಿಚಾರ. ಎಡ್ವರ್ಡ್ ಲಾಯ್ಡ್ ೧೬೮೮ರ ಸುಮಾರಿಗೆ ಟವರ್ ಬೀದಿಯಲ್ಲಿ ನಡೆಸುತ್ತಿದ್ದು, ೧೬೯೧ರಲ್ಲಿ ಲಂಬಾರ್ಡ್ ಬೀದಿಗೆ ಸಾಗಿಸಿದ ಕಾಫಿಗೃಹ ಹಡಗಿನ ಒಡೆಯರೂ ವರ್ತಕರೂ ವಿಮೆಗಾರರೂ ಸೇರುವ ತಾಣವಾಯಿತು. ಅಲ್ಲಿಗೆ ಜನ ಬರುತ್ತಿದ್ದುದು ಹಡಗುಗಳ ಬರುಹೋಗುಗಳ ನಂಬಲರ್ಹವಾದ ವಾರ್ತೆಗಾಗಿ. ಕ್ರಮೇಣ ಇದೇ ಗೃಹಕ್ಕೆ ಜೂಜಿನ ಹಾವಳಿ ತಗುಲಿತು. ಪ್ರಸಿದ್ಧ ಪುರುಷರ ಸಾವುಬದುಕಿನ ಮೇಲೆ ಸಹ ಪಣವೊಡ್ಡುವವರು ತುಂಬಿಕೊಂಡರು. ಆಗ ಗಂಭೀರರಾದ ವಿಮೆಗಾರರು ಮಾಡಿದ್ದೇನು? ೧೭೬೯ರಲ್ಲಿ ಅವರು ಆ ಮನೆಯನ್ನು ಬಿಟ್ಟು ಪೋಪ್ಸ್ ಹೆಡ್ ಓಣಿಯಲ್ಲಿ ‘ನ್ಯೂ ಲಾಯ್ಡ್ಸ್’ ಎಂಬ ಬೇರೆ ಗೃಹವನ್ನು ನೆಲೆಮಾಡಿಕೊಂಡರು. ೧೭೭೧ರಲ್ಲಿ ೭೯ ಮಂದಿ ತಲಾ ೧೦೦ ಪೌಂಡು ಹಾಕಿ, ಸಮಿತಿಯೊಂದನ್ನು ಚುನಾಯಿಸಿದರು. ೧೭೭೪ರಲ್ಲಿ ರಾಯಲ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ಹೋದರು. ಇಂದಿಗೂ ವಿಮಾವ್ಯವಹಾರ ನಡೆಸುತ್ತಿರುವ ಲಾಯ್ಡ್ಸ್ ಸಂಸ್ಥೆ ಈ ನಿರ್ಗಮನದ ಸಂತಾನ.

ಷೇರು ದಲ್ಲಾಳಿಗಳ ತಾಣವಾದ ಜೊನಾಥನ್ಸ್ ಗೃಹದ ಕಥೆಯೂ ಇಂಥದೇ. ೧೭೬೧ರಲ್ಲಿ ೧೫೦ ಮಂದಿ ಕೂಡಿ ಅದನ್ನು ತಮಗೇ ಮೀಸಲಾಗಿ ಪಡೆಯಲು ಯತ್ನಿಸಿದರು. ಹೊರಗಾದವನೊಬ್ಬನು ನ್ಯಾಯಾಲಯಕ್ಕೆ ಹೋಗಿ ಗೆದ್ದನು. ದಲ್ಲಾಳಿಗಳು ೧೭೭೩ರಲ್ಲಿ ಸ್ವಂತ ಕಟ್ಟಡಕ್ಕೆ ಹೋಗಿ, ದಿನಕ್ಕೆ ಆರು ಪೆನ್ಸ್ ಪ್ರವೇಶಶುಲ್ಕವಿಟ್ಟು, ಅದಕ್ಕೆ ‘ಸ್ಟಾಕ್ ಎಕ್ಸ್‌ಚೇಂಜ್’ ಎಂದು ಹೆಸರಿಟ್ಟರು. ೧೮೦೧ರಲ್ಲಿ ಅದು ಸದಸ್ಯರಿಗೆ ಮಾತ್ರ ಮೀಸಲಾಯಿತು. ಉಳಿದವರಿಗೆ ಬಾಗಿಲು ಮುಚ್ಚಿತು.

ಈ ನಿದರ್ಶನಗಳಿಂದ ಹೊರಡುವ ಸಿದ್ಧಾಂತ ರೂಢಿಯ ವಾದಕ್ಕೆ ವಿರುದ್ಧವಾದುದು. ಉಳಿದ ಗೋಷ್ಠಿಗಳು ಮುಕ್ತತೆಯಿಂದ ಉಳಿಯಲಿಲ್ಲ. ನಿತ್ಯವೂ ಮಾಡಬೇಕಾದ ಒಂದು ಕಾರ್ಯ, ವೆಚ್ಚವನ್ನೂ ಹೊಣೆಯನ್ನೂ ಹೊರುವ ಖಾಯಂ ಜನ, ಕೆಡಿಸುವವರನ್ನು ದೂರವಿಡುವ ಅಥವಾ ತಾವೇ ಹೊರಟುಹೋಗುವ ಸಾಮರ್ಥ್ಯ—ಈ ಮೂರರಿಂದ ಉಳಿದುವು. ಆದರೆ ಅದಕ್ಕೆ ತೆತ್ತ ಬೆಲೆ ಅಲ್ಪವಲ್ಲ : ಸ್ಥಿರವಾದಷ್ಟೂ ಅವು ಸಾರ್ವಜನಿಕತೆಯನ್ನು ಕಳೆದುಕೊಂಡುವು.

ಆ ಬೆಲೆಯನ್ನು ಯಾರು ತೆತ್ತರೆಂಬುದೂ ವಿಚಾರಾರ್ಹ. ನ್ಯಾನ್ಸಿ ಫ್ರೇಸರ್ ಅವರು ೧೯೯೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಂತಸ್ತನ್ನು ಬದಿಗಿಟ್ಟಂತೆ ನಟಿಸಿದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲವೆಂದು ತೋರಿಸಿದರು. ಬ್ರಯನ್ ಕೌವನ್ ಅವರ ೨೦೦೫ರ ಸಂಶೋಧನ ಗ್ರಂಥ ಸ್ಪಷ್ಟಪಡಿಸುವಂತೆ, ಕಾಫಿಗೃಹಗಳಲ್ಲಿ ಸ್ತ್ರೀಯರು ಇರಲಿಲ್ಲವೆಂಬುದು ಸರಿಯಲ್ಲ. ಕೆಲವು ಗೃಹಗಳ ಒಡತಿಯರು ಅವರೇ. ಕಾಫಿ ಕೊಡುವವಳಾಗಿ ಅಲ್ಲಿದ್ದವಳು ಚರ್ಚೆಯ ಮೇಜಿನಲ್ಲಿ ಕೂಡಲಿಲ್ಲ. ದಕ್ಷಿಣ ಭಾರತದ ಕಾಫಿ ಕ್ಲಬ್ಬುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗವಿದ್ದ ಕಾಲವನ್ನು ಬಲ್ಲ ನಮಗೆ ಈ ಸಂಗತಿ ಅಪರಿಚಿತವೇನೂ ಅಲ್ಲ. ಒಂದೇ ಪಾನೀಯ ಒಂದೇ ಪಂಕ್ತಿಯನ್ನು ಮಾಡುವುದಿಲ್ಲ.

ಹೀಗಿರಲಾಗಿ ಕಾಫಿಗೃಹವನ್ನು ಸಾಮಾಜಿಕ ಮಾಧ್ಯಮದ ಪೂರ್ವಜನೆಂದು ಕರೆಯುವುದು ಎರಡು ಕಾರಣಗಳಿಂದ ಅಸಂಗತ. ಕಾಫಿಗೃಹದ ಯಜಮಾನನು ಕಾಫಿ ಮಾರಿ ಬದುಕಿದನು. ಜಗಳದಿಂದ ಗಿರಾಕಿಗಳು ಎದ್ದುಹೋದರೆ ನಷ್ಟ ಅವನಿಗೇ. ಸಾಮಾಜಿಕ ಮಾಧ್ಯಮದ ಒಡೆಯರು ಜನರ ಗಮನವನ್ನು ಜಾಹೀರಾತುದಾರರಿಗೆ ಮಾರಿ ಬದುಕುತ್ತಾರೆ. ಜಗಳದಿಂದ ಜನ ನೆರೆದರೆ ಅವರಿಗೆ ಲಾಭ. ಎರಡನೆಯದಾಗಿ, ನ್ಯೂ ಲಾಯ್ಡ್ಸಿನವರು ಗ್ರಾಹಕರನ್ನೂ ವ್ಯವಹಾರವನ್ನೂ ತಮ್ಮೊಡನೆ ಕೊಂಡೊಯ್ದರು. ಇಂದು ಮಾಧ್ಯಮವೊಂದನ್ನು ಬಿಡುವವನು ತನ್ನ ಬಳಗವನ್ನೂ ಹಿಂದಿನ ಸಂಭಾಷಣೆಯನ್ನೂ ಸಾಮಾನ್ಯವಾಗಿ ಅಲ್ಲಿಯೇ ಬಿಟ್ಟು ಹೋಗಬೇಕಾಗುತ್ತದೆ.

ಹಾಗೆಂದು ಹಾಬರ್‌ಮಾಸ್ ಅವರ ಆದರ್ಶವನ್ನು ತ್ಯಜಿಸಬೇಕಾಗಿಲ್ಲ. ಆಡಿದವನ ಅಂತಸ್ತಿಗಿಂತ ಆಡಿದ ಮಾತಿನ ಯುಕ್ತಿ ಮೇಲೆಂಬುದು ಇಂದಿಗೂ ಸಲ್ಲತಕ್ಕ ತತ್ತ್ವ. ಆದರೆ ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಅದು ಸಾಧಿಸುವುದಿಲ್ಲ. ನಮ್ಮ ಕಾಲೇಜುಗಳ ಇತಿಹಾಸ ಸಂಘಗಳಲ್ಲಿ ವಿದ್ಯಾರ್ಥಿಯು ಅಧ್ಯಾಪಕನನ್ನು ಪ್ರಶ್ನಿಸುವಂಥ ಗೋಷ್ಠಿ ನಿಲ್ಲಬೇಕಾದರೆ, ಗೊತ್ತಾದ ವಿಷಯ, ಕಿರಿಯರಿಗೆ ಮೊದಲ ಮಾತು, ನಡೆದುದರ ಬರಹ, ಹೊಣೆ ಹೊರುವ ಕಾರ್ಯದರ್ಶಿ ಇವು ಬೇಕು. ಇವುಗಳೊಡನೆ, ಇಂದು ಯಾರು ಬಂದಿಲ್ಲ, ಏಕೆ ಬಂದಿಲ್ಲ ಎಂದು ಪ್ರತಿಸಲವೂ ಕೇಳಿಕೊಳ್ಳುವ ಅಭ್ಯಾಸವೂ ಬೇಕು. ಲಂಡನ್ನಿನ ಗೃಹಗಳು ಮೊದಲನೆಯವುಗಳಲ್ಲಿ ಕೆಲವನ್ನು ಸಾಧಿಸಿದುವು. ಕೊನೆಯದನ್ನು ಅವು ಕೇಳಿಕೊಳ್ಳಲಿಲ್ಲ.