ನಾಣಿಯ ಕಣ್ಣಿಗೆ ಬೀಳದ ಮಕ್ಕಳು

ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ಕ್ಕೆ ಮತ್ತೆ ಜೀವ ಬಂದಿದೆ. ೧೯೭೭ರ ಈ ಕಪ್ಪು ಬಿಳುಪು ಚಿತ್ರದ ಹಳೆಯ ಪ್ರತಿಯನ್ನು ರಿಪೇರಿ ಮಾಡಿಸಿ ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸ್ವರ್ಣಕಮಲ ಪಡೆದ ಚಿತ್ರ. ಕಥೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದ ಅನಂತಮೂರ್ತಿಯವರದು, ನಿರ್ದೇಶಕರೂ ಅದೇ ತಾಲ್ಲೂಕಿನವರು. ಹೊಗಳುವವರಿಗೆ ಕೊರತೆಯಿಲ್ಲ, ಆ ಕೆಲಸ ಅವರು ಮಾಡಲಿ. ನಮಗೆ ಬೇರೆ ಕೆಲಸ ಇದೆ. ಈ ಚಿತ್ರದಲ್ಲಿ ಮಕ್ಕಳೆಷ್ಟು ಅಂತ ನಾವು ಎಣಿಸಬೇಕಾಗಿದೆ.

ಎಲ್ಲರ ಕಣ್ಣಿಗೂ ಬೀಳುವ ಮಗು ಒಂದೇ: ನಾಣಿ. ವೇದ ಕಲಿಯಲೆಂದು ಉಡುಪರ ಪಾಠಶಾಲೆಗೆ ಬಂದು ಬಿದ್ದ ಹುಡುಗ. ದೊಡ್ಡ ಹುಡುಗರ ಕಾಟ, ಮನೆಯ ನೆನಪು, ಕಾಡಿನ ಭಯ, ಹಾವಿನ ಭಯ. ಅವನ ತಲೆಯೊಳಗೆ ಕತ್ತಲೆಗೂ ಕಣ್ಣು ಕಾಲು ಇವೆ. ಅವನಿಗೆ ಆಸರೆ ಉಡುಪರ ಮಗಳು ಯಮುನಕ್ಕ. ಆಕೆ ವಿಧವೆ, ಶಾಲೆ ಮೇಷ್ಟ್ರಿಂದ ಬಸಿರಾಗಿದ್ದಾಳೆ. ಹುಡುಗನಿಗೆ ಈ ಗುಟ್ಟು ಪೂರಾ ತಿಳಿಯದು. ಆದರೆ ದೊಡ್ಡವರ ಪಿಸುಮಾತೆಲ್ಲ ಹೋಗಿ ಅವನ ಭಯಕ್ಕೆ ಸೇರಿಕೊಳ್ಳುತ್ತದೆ. ಕಾಸರವಳ್ಳಿಯವರ ಗೆಲುವು ಇರೋದು ಇಲ್ಲೇ. ಮಗು ದೆವ್ವಕ್ಕೆ ಹೆದರುತ್ತಿದೆ ಅಂತ ಮೊದಲು ಅನ್ನಿಸುತ್ತದೆ. ಕೊನೆಗೆ ಗೊತ್ತಾಗುತ್ತದೆ, ದೆವ್ವ ಕಾಡಲ್ಲಿಲ್ಲ, ಅಗ್ರಹಾರದ ಜಗಲಿ ಮೇಲೆ ಎಲೆಅಡಿಕೆ ಹಾಕ್ಕೊಂಡು ಕೂತಿದೆ. ನಾಣಿಯಾದ ಬಾಲನಟ ಅಜಿತ್ ಕುಮಾರ್‌ಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ.

ಎರಡನೆಯ ಮಗುವಿನ ಮಾತು ಬರುವುದು ಕೊನೆಯಲ್ಲಿ. ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾನೆ, ಗಡಿಗೆ ಒಡೆಯುತ್ತಾನೆ. ಯಮುನೆ ತಲೆ ಬೋಳಿಸಿಕೊಂಡು ಬೀದಿಪಾಲಾಗುತ್ತಾಳೆ. ಅದೇ ಉಡುಪರಿಗೆ ಮಗಳಿಗಿಂತ ಚಿಕ್ಕ ಹುಡುಗಿಯನ್ನು ತರುವ ಮಾತು ನಡೆಯುತ್ತದೆ! ನೋಡುವವರು ಇದನ್ನು ಮುದುಕನ ಚಪಲ ಅಂತ ಬೈದು ಎದ್ದುಬಿಡುತ್ತಾರೆ. ಅಷ್ಟಕ್ಕೇ ಬಿಡಬಾರದು. ೧೯೧೬ರ ಮೇ ೯ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ 'ಭಾರತದಲ್ಲಿ ಜಾತಿಗಳು' ಪ್ರಬಂಧದಲ್ಲಿ ಬಾಬಾಸಾಹೇಬರು ಈ ಲೆಕ್ಕವನ್ನು ಬಿಡಿಸಿಟ್ಟಿದ್ದಾರೆ. ಜಾತಿ ಉಳಿಯಬೇಕಾದರೆ ಮದುವೆ ಜಾತಿಯೊಳಗೇ ಆಗಬೇಕು. ಗಂಡ ಸತ್ತವಳು ಈ ಲೆಕ್ಕದಲ್ಲಿ ಹೆಚ್ಚುವರಿ. ಆಕೆಯನ್ನು ಸುಡಬೇಕು, ಇಲ್ಲವೇ ಬಲವಂತದ ವೈಧವ್ಯದಲ್ಲಿ ಕೂಡಿಹಾಕಬೇಕು. ಹೆಂಡತಿ ಸತ್ತ ಗಂಡಸೂ ಹೆಚ್ಚುವರಿಯೇ. ಆದರೆ ಅವನು ಗಂಡಸಲ್ಲವೇ? ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ತಂದು ಅವನಿಗೆ ಕಟ್ಟುತ್ತಾರೆ. ಮಗಳಿಗೆ ಒಡೆದ ಗಡಿಗೆ, ಅಪ್ಪನಿಗೆ ಎಳೆಯ ಹೆಂಡತಿ. ಇವು ಎರಡು ಅನ್ಯಾಯ ಅಲ್ಲ, ಒಂದೇ ಯಂತ್ರದ ಎರಡು ಚಕ್ರ. ನಾಳೆ ಉಡುಪರು ಸತ್ತರೆ ಆ ಹುಡುಗಿಯೂ ಇನ್ನೊಬ್ಬ ಯಮುನೆಯೇ.

ಮೂರನೆಯದು ಯಮುನೆಯ ಹೊಟ್ಟೆಯಲ್ಲಿದ್ದದ್ದು. ಅದನ್ನು ತೆಗೆಸಬೇಕಾದಾಗ ಕಥೆ ಊರಾಚೆಗೆ ದಾಟುತ್ತದೆ. ನಮ್ಮ ತಕರಾರು ಇರೋದು ಇಲ್ಲಿ. ಮಡಿಯವರ ಮೈಲಿಗೆ ಕಳೆಯೋಕೆ ಹೊಲೆಮಾದಿಗರ ಕೇರಿ ಬೇಕು, ಕಳೆದ ಮೇಲೆ ಕೇರಿ ಮತ್ತೆ ಕತ್ತಲೆಗೆ ಹೋಗಬೇಕು. ನಾಣಿಗೆ ಸಿಕ್ಕಂಥ ಒಂದು ಒಳಮನಸ್ಸು ಆ ಕೇರಿಯ ಯಾವ ಮಗುವಿಗೂ ಸಿಗಲಿಲ್ಲ. ಆ ಮಗುವೇ ನಮ್ಮ ಲೆಕ್ಕದಲ್ಲಿ ನಾಲ್ಕನೆಯದು.

'ಕಥೆ ಅಗ್ರಹಾರದ ಹುಡುಗನ ಕಣ್ಣಿಂದ ಬಂದದ್ದು, ಅವನಿಗೆ ಕಾಣದ್ದನ್ನು ತೋರಿಸೋದು ಹೇಗೆ?' ಅಂತ ಕೇಳುವವರಿದ್ದಾರೆ. ಮಾತು ಸರಿಯೇ. ಆದರೆ ಹುಡುಗ ಚಿಕ್ಕವನು, ಕ್ಯಾಮರಾ ಚಿಕ್ಕದಲ್ಲ. ಪಾಠಶಾಲೆಯ ಎಲೆಗೆ ಬಿದ್ದ ಅನ್ನ ಆಕಾಶದಿಂದ ಉದುರಿದ್ದಲ್ಲ. ಈ ಮಲೆನಾಡಿನಲ್ಲಿ ಬತ್ತ ಬೆಳೆದವರು ಯಾರು, ಅಳೆದುಕೊಂಡವರು ಯಾರು ಅನ್ನೋದು ೧೯೫೧ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಕೊಳಗದ ಮೋಸದ ವಿರುದ್ಧ ಎದ್ದಾಗ ನಾಡಿಗೇ ಗೊತ್ತಾಯಿತು.

ಕೇರಿಯ ಮಗು ಕನ್ನಡ ಚಿತ್ರಕ್ಕೆ ಬಂದೇ ಇಲ್ಲ ಅಂತಲ್ಲ. ಎರಡೇ ವರ್ಷ ಮೊದಲು, ೧೯೭೫ರಲ್ಲಿ, ಬಿ.ವಿ. ಕಾರಂತರ 'ಚೋಮನ ದುಡಿ' ಬಂತು. ಅದಕ್ಕೂ ಸ್ವರ್ಣಕಮಲ. ಶಿವರಾಮ ಕಾರಂತರು ೧೯೩೩ರಲ್ಲೇ ಬರೆದ ಕಥೆ. ಅಲ್ಲಿ ಚೋಮನ ಮಕ್ಕಳಿಗೆ ಸಾಲ ತೀರಿಸುವ ಕೂಲಿ ಇದೆ, ಕಾಫಿ ತೋಟದ ಜ್ವರ ಇದೆ. ಚಿಕ್ಕವನು ನೀಲ ಹೊಳೆಯಲ್ಲಿ ಮುಳುಗುವಾಗ ಹೊಲೆಯರ ಹುಡುಗನನ್ನು ಮುಟ್ಟೋದು ಹೇಗೆ ಅಂತ ದಡದಲ್ಲಿ ಜನ ನಿಂತುಬಿಡುತ್ತಾರೆ. ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ. ಅಗ್ರಹಾರದ ಹುಡುಗನಿಗೆ ಭಯಪಡಲು ಪುರುಸೊತ್ತು ಸಿಕ್ಕಿತು, ಕೇರಿಯ ಹುಡುಗನಿಗೆ ಸಾಯೋದಕ್ಕಷ್ಟೇ ಜಾಗ ಸಿಕ್ಕಿತು. ಬಡವರ ಮಗು ಹಸಿಯುತ್ತದೆ ಅಂತ ನಮ್ಮ ಕಲೆಗೆ ಗೊತ್ತು. ಅದು ಕನಸನ್ನೂ ಕಾಣುತ್ತದೆ ಅಂತ ಗೊತ್ತಿಲ್ಲ. ಅರುಣ್ ಕೌಲ್ ೧೯೯೧ರಲ್ಲಿ ಅನಂತಮೂರ್ತಿಯವರ ಇದೇ ಕಥೆಯನ್ನು ಹಿಂದಿಯಲ್ಲಿ 'ದೀಕ್ಷಾ' ಮಾಡಿದಾಗ, ನಾನಾ ಪಾಟೇಕರ್ ವಹಿಸಿದ ಅಸ್ಪೃಶ್ಯನ ಪಾತ್ರ ಹಿಗ್ಗಿತು. ಆದರೂ ಕನಸುವ ಮಗು ಮಾತ್ರ ಪಾಠಶಾಲೆಯ ಒಳಗೇ ಉಳಿಯಿತು.

ಯಮುನೆಗೆ ಒಂದು ದಿನ ಘಟಶ್ರಾದ್ಧ ನಡೆಯಿತು. ನಮ್ಮವರಿಗೆ ಅದು ಹುಟ್ಟಿದ ದಿನವೇ ನಡೆದುಹೋಗಿತ್ತು, ಗಡಿಗೆ ಒಡೆಯುವ ಖರ್ಚೂ ಇಲ್ಲದೆ. ಹಾಗಂತ ಯಮುನೆಯ ನೋವು ಸಣ್ಣದು ಅಂತ ನಾವು ಹೇಳುತ್ತಿಲ್ಲ. ಆಕೆಯನ್ನು ಹೊರಗೆ ಹಾಕಿದ ಕೈ, ನಮ್ಮನ್ನು ಹೊರಗಿಟ್ಟ ಕೈ ಒಂದೇ. ಆಕೆ ನಮ್ಮವಳು. ಚಿತ್ರ ಮರುಕದವರೆಗೆ ಬಂದು ನಿಂತಿದೆ. ಈ ನಂಟಿನವರೆಗೆ ನಡೆಯಬೇಕಾದವರು ನಾವು.

ಮೇಷ್ಟ್ರುಗಳಿಗೆ ಒಂದು ಮಾತು. ಈ ಕಥೆಯಲ್ಲಿ ಹೊಸ ವಿದ್ಯೆಯ ಪ್ರತಿನಿಧಿ ಅಂತ ಇರೋನು ಶಾಲೆ ಮೇಷ್ಟ್ರು. ಯಮುನೆಯನ್ನು ಬಸಿರು ಮಾಡಿದ, ಊರು ಬಿಟ್ಟು ಓಡಿಹೋದ. ಪುರೋಹಿತನಿಗೆ ಶಾಸ್ತ್ರ ಇತ್ತು, ಅವನಿಗೆ ಬಸ್ಸು ಇತ್ತು ಅಂದುಕೊಳ್ಳಿ, ಅಷ್ಟೇ ವ್ಯತ್ಯಾಸ. ಓದಿದವರು ಓಡಿದರೆ ಜಗಲಿ ಮೇಲಿನ ದೆವ್ವಕ್ಕೆ ಯಾವ ತೊಂದರೆಯೂ ಇಲ್ಲ.

ಆದ್ದರಿಂದ ಗೆಳೆಯರೇ, ಸಾಗರ, ಹೊಸನಗರ, ತೀರ್ಥಹಳ್ಳಿಯ ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಈ ಚಿತ್ರ ತೋರಿಸಿ. ಹಳ್ಳಿಯವರಿಗೆ ಇಂಥ ಚಿತ್ರ ಅರ್ಥವಾಗೋದಿಲ್ಲ ಅನ್ನೋ ಮಾತನ್ನು ಹೆಗ್ಗೋಡಿನ ನೀನಾಸಂ ೧೯೭೦ರ ದಶಕದಲ್ಲೇ ಸುಳ್ಳು ಮಾಡಿದೆ. ಚಿತ್ರ ಮುಗಿದ ಮೇಲೆ ದೀಪ ಹಾಕಿ ಮಕ್ಕಳನ್ನು ಕೇಳಿ: ಉಡುಪರಿಗೆ ಗೊತ್ತಾದ ಹುಡುಗಿ ಆ ರಾತ್ರಿ ಏನು ಕನಸು ಕಂಡಳು? ಬತ್ತ ಬೆಳೆದ ಮನೆಯ ಹುಡುಗ ಯಾವ ಕತ್ತಲೆಗೆ ಹೆದರುತ್ತಿದ್ದ? ಉತ್ತರವನ್ನು ಅವರವರ ಮನೆ ಮಾತಲ್ಲೇ ಬರೆಸಿ ಕಳಿಸಿ. ತಿದ್ದದೆ ಅಚ್ಚು ಹಾಕುತ್ತೇವೆ.